ತಂಪಿನ ಜಾತಕ ಓದುವ ನಾಲಿಗೆ

ಅಮೆರಿಕದಲ್ಲಿ ಡೇರಿ ವಿಜ್ಞಾನ ಓದುವ ಕಾಲೇಜು ಹುಡುಗ ಹುಡುಗಿಯರಿಗೆಂದೇ ಒಂದು ಹಳೆಯ ಸ್ಪರ್ಧೆಯಿದೆ. 1916ರಲ್ಲಿ ಬರೀ ಬೆಣ್ಣೆಯ ಪರೀಕ್ಷೆಯಾಗಿ ಶುರುವಾದ ಅದರಲ್ಲಿ ಈಗ ಹಾಲು, ಮೊಸರು, ಚೀಸ್‌ಗಳ ಜೊತೆ ಐಸ್‌ಕ್ರೀಮೂ ಇದೆ. ಯಾವುದು ಚೆನ್ನಾಗಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂದು ಹೇಳಬೇಕು, ಅಷ್ಟೆ. ರುಚಿಗೆ 10 ಅಂಕ, ಮೈಕಟ್ಟಿಗೆ 5. ದೋಷ ಸಿಕ್ಕಂತೆಲ್ಲ ಅಂಕ ಕಳೆಯುತ್ತಾ ಹೋಗುವುದು. ಕೈಗೆ ಕೊಡುವ ಪಟ್ಟಿಯಲ್ಲಿ ಹೊಗಳಿಕೆಯ ಒಂದು ಪದವೂ ಇರುವುದಿಲ್ಲ: ಹುಳಿ, ಕಮಟು, ರಟ್ಟಿನ ವಾಸನೆ, ಅತಿ ಸಿಹಿ, ತರಿತರಿ, ಮರಳು ಮರಳು, ಜಿಗುಟು, ಪುಡಿಪುಡಿ.

ಪರೀಕ್ಷೆಗೆ ಇಡುವುದು ವೆನಿಲ್ಲಾ. ಅದಕ್ಕೆ ಕಾರಣವಿದೆ. ನಮ್ಮ ಮಂಗಳೂರು, ಉಡುಪಿಯ ಗಡ್‌ಬಡ್ ಐಸ್‌ಕ್ರೀಮನ್ನೇ ನೋಡಿ. ಜೆಲ್ಲಿ, ಹಣ್ಣು, ಗೋಡಂಬಿಗಳ ನಡುವೆ ಹಾಲಿನ ಪುಡಿ ಹಳತಾಗಿದ್ದರೂ ನಾಲಿಗೆಗೆ ಹೊಳೆಯುವುದಿಲ್ಲ. ತಿನ್ನುವವನಿಗೆ ಅದು ಹಬ್ಬ, ಪರೀಕ್ಷಕನಿಗೆ ತಲೆನೋವು. ವೆನಿಲ್ಲಾದಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ಆ ಪಟ್ಟಿಯಲ್ಲಿ ‘ಕಾಯಿಸಿದ ಹಾಲಿನ ವಾಸನೆ’ಯೂ ಒಂದು ದೋಷ. ಹಾಲು ಉಕ್ಕುವವರೆಗೆ ಕಾಯಿಸಿಯೇ ಕುಡಿಯುವ, ಕುಲ್ಫಿಗಾಗಿ ಅದನ್ನು ಗಂಟೆಗಟ್ಟಲೆ ಬತ್ತಿಸುವ ನಾವು ಅದನ್ನು ದೋಷ ಎಂದು ಏಕೆ ಒಪ್ಪಬೇಕೋ ನನಗಂತೂ ಗೊತ್ತಿಲ್ಲ. ಅಂಕಪಟ್ಟಿಗೂ ಒಂದು ಊರು ಇರುತ್ತದೆ.

ಪಟ್ಟಿಯ ಉಳಿದ ದೋಷಗಳಲ್ಲಿ ಎರಡು ಬಗೆ. ಹುಳಿ, ಕಮಟುಗಳು ಹಾಲಿನಿಂದ ಬಂದವು. ಮೈಕಟ್ಟಿನ ದೋಷಗಳಲ್ಲಿ ಕೆಲವು ತಂಪಿನಿಂದ, ಅಂದರೆ ತಂಪು ನಡುವೆ ಕೈಕೊಟ್ಟಿದ್ದರಿಂದ ಬಂದವು. ನುರಿತ ಪರೀಕ್ಷಕ ಒಂದು ಚಮಚದಲ್ಲಿ ಓದುವುದು ಮುಖ್ಯವಾಗಿ ಇದನ್ನೇ. ಈ ಡಬ್ಬ ಕಾರ್ಖಾನೆ ಬಿಟ್ಟ ಮೇಲೆ ಎಲ್ಲೆಲ್ಲಿ ಬೆಚ್ಚಗಾಯಿತು?

ಐಸ್‌ಕ್ರೀಮ್ ಗಟ್ಟಿಯಾಗಿ ಕಂಡರೂ ಪೂರ್ತಿ ಗಟ್ಟಿಯಲ್ಲ. ಸಕ್ಕರೆ ಕರಗಿರುವ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಯಂತ್ರದಿಂದ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಹೊರಬೀಳುವ ಮಿಶ್ರಣದಲ್ಲಿ ಸುಮಾರು ಅರ್ಧ ನೀರು ಮಾತ್ರ ಮಂಜಾಗಿರುತ್ತದೆ. ಮೈನಸ್ 18ಕ್ಕೆ ಇಳಿಸಿದರೂ ಒಂದಿಷ್ಟು ನೀರು ದಪ್ಪ ಸಕ್ಕರೆಪಾಕವಾಗಿ ಉಳಿದೇ ಇರುತ್ತದೆ. ಆ ಪಾಕದೊಳಗೆ ಮಂಜಿನ ಹರಳುಗಳು, ಗಾಳಿಗುಳ್ಳೆಗಳು, ಕೊಬ್ಬಿನ ಕಣಗಳು. ಹರಳುಗಳು ಸಣ್ಣವಿದ್ದಷ್ಟೂ ನುಣುಪು. ಅವು ಸುಮಾರು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು, ದಾಟಿದವೋ, ನಾಲಿಗೆ ‘ತರಿ’ ಎನ್ನತೊಡಗುತ್ತದೆ.

ಕರೆಂಟು ಹೋಗಿ ಬಂದಾಗ, ಅಂಗಡಿಯವನು ಫ್ರೀಜರ್ ಮುಚ್ಚಳ ತೆರೆದಿಟ್ಟಾಗ, ಕೆಲವೇ ಡಿಗ್ರಿ ಏರಿದರೂ ಸಣ್ಣ ಹರಳುಗಳು ಮೊದಲು ಕರಗುತ್ತವೆ. ತಂಪು ಮರಳಿದಾಗ ಆ ನೀರು ಹೊಸ ಹರಳು ಕಟ್ಟುವುದಿಲ್ಲ, ಉಳಿದ ದೊಡ್ಡ ಹರಳುಗಳ ಮೇಲೇ ಹೋಗಿ ಕೂರುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಹಾಗೆ. ಹೀಗೆ ನಾಲ್ಕು ಸಲ ಆದರೆ ಡಬ್ಬದಲ್ಲಿ ಅದೇ ಹಾಲು, ಅದೇ ಸಕ್ಕರೆ ಇದ್ದರೂ ಬಾಯಲ್ಲಿ ಬೇರೆಯೇ ಐಸ್‌ಕ್ರೀಮ್. ಮನೆಯ ‘ಫ್ರಾಸ್ಟ್ ಫ್ರೀ’ ಫ್ರಿಜ್ ಕೂಡ ಮುಗ್ಧವಲ್ಲ. ಮಂಜು ಕಟ್ಟದಿರಲೆಂದು ಅದು ಆಗಾಗ ತನ್ನ ಸುರುಳಿಗಳನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. ಗೋರಿಕಾಯಿ ಅಂಟು, ಅಂದರೆ ಲೇಬಲ್ಲಿನ ಮೇಲೆ ‘ಗುವಾರ್ ಗಮ್’ ಎಂದು ಕಾಣುವುದು, ಪಾಕವನ್ನು ಮಂದ ಮಾಡಿ ಈ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ. ಆದರೆ ಅಂಟು ಹೆಚ್ಚಾದರೆ ಐಸ್‌ಕ್ರೀಮ್ ಜಿಗುಟಾಗಿ, ಚಮಚ ಎಳೆದ ದಾರಿಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಪರೀಕ್ಷಕ ಬಾಯಿಗಿಡುವ ಮುಂಚೆಯೇ ಒಂದು ಅಂಕ ಹೋಯಿತು.

ಮರಳು ಮರಳು ಎಂಬ ದೋಷ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಮಂಜು ಕಾರಣವೇ ಅಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತಣ್ಣನೆಯ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಲಿನ ಪುಡಿ ಹೆಚ್ಚು ಸುರಿದಿದ್ದರೆ, ಕಾಲಕ್ರಮೇಣ ಅದು ಗಟ್ಟಿ ಹರಳಾಗಿ ಬೇರ್ಪಡುತ್ತದೆ. ಎರಡರ ವ್ಯತ್ಯಾಸ ಹಿಡಿಯಲು ಯಂತ್ರ ಬೇಡ. ಒಂದು ಚಮಚ ಬಾಯಿಗಿಟ್ಟು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ಅವಸರ ಮಾಡದೆ ಕಾಯಿರಿ. ತರಿ ಕ್ಷಣದಲ್ಲಿ ಮಾಯವಾದರೆ ಅದು ಮಂಜು. ಐಸ್‌ಕ್ರೀಮೆಲ್ಲ ಕರಗಿ ಹೋದ ಮೇಲೂ ಸಣ್ಣ ರವೆ ಉಳಿದಿದ್ದರೆ ಅದು ಲ್ಯಾಕ್ಟೋಸ್.

ಈ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲಿ ಹೆಸರುವಾಸಿ, ಕ್ಯಾಲಿಫೋರ್ನಿಯಾದ ಡ್ರೇಯರ್ಸ್ ಕಂಪನಿಯ ಜಾನ್ ಹ್ಯಾರಿಸನ್. ಅವರ ನಾಲಿಗೆಗೆ ಕಂಪನಿ ಹತ್ತು ಲಕ್ಷ ಡಾಲರ್ ವಿಮೆ ಮಾಡಿಸಿತ್ತು. ವಿಮೆ ಪ್ರಚಾರದ ತಂತ್ರ ಎಂದೇ ನನ್ನ ಗುಮಾನಿ. ಅವರ ಚಿನ್ನದ ಲೇಪದ ಚಮಚಕ್ಕೆ ಮಾತ್ರ ಅರ್ಥವಿತ್ತು: ಮರ, ಪ್ಲಾಸ್ಟಿಕ್‌ಗಳು ತಮ್ಮ ರುಚಿಯನ್ನು ಬಿಟ್ಟುಹೋಗುತ್ತವೆ. ಮರದ ಚಪ್ಪಟೆ ಚಮಚದಲ್ಲಿ ಕಪ್ ಐಸ್‌ಕ್ರೀಮ್ ತಿಂದು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ ದೂರವಿಟ್ಟು, ವೆನಿಲ್ಲಾದಂಥ ಸೌಮ್ಯ ರುಚಿಗಳಿಂದ ಹೊರಟು ಗಾಢ ರುಚಿಗಳತ್ತ ಹೋಗುತ್ತಿದ್ದ ಅವರು ಬಾಯಲ್ಲಿ ಆಡಿಸಿದ್ದನ್ನು ನುಂಗದೆ ಉಗುಳುತ್ತಿದ್ದರು. ಹೊಟ್ಟೆ ತುಂಬಿದವನ ತೀರ್ಪು ನಂಬಲಾಗದು.

ಫ್ರೀಜರಿನಿಂದ ನೇರ ತೆಗೆದದ್ದನ್ನು ಯಾವ ಪರೀಕ್ಷಕನೂ ಸವಿಯುವುದಿಲ್ಲ. ಮೈನಸ್ 15ರಿಂದ ಮೈನಸ್ 12 ಡಿಗ್ರಿಯ ನಡುವಿಗೆ ಏರಲು ಬಿಡುತ್ತಾರೆ. ಇದರ ಹಿಂದಿನ ವಿಜ್ಞಾನದ ಒಂದು ಎಳೆ 2005ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರಿಂದ ಹೊರಬಂತು. ಸಿಹಿಯ ಸುದ್ದಿಯನ್ನು ನರಕ್ಕೆ ಮುಟ್ಟಿಸುವಲ್ಲಿ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಬಾಗಿಲಿನ ಪಾತ್ರವಿದೆ. 15ರಿಂದ 35 ಡಿಗ್ರಿವರೆಗೆ ಬೆಚ್ಚಗಾದಂತೆ ಅದು ಹೆಚ್ಚು ಹೆಚ್ಚು ತೆರೆಯುತ್ತದೆ, ತಣ್ಣಗಾದರೆ ಮುದುಡುತ್ತದೆ. ಹಾಗಾಗಿ ತಯಾರಕರು ಸಕ್ಕರೆಯನ್ನು ಧಾರಾಳವಾಗಿ ಸುರಿಯಲೇಬೇಕು. ಕರಗಿ ಬೆಚ್ಚಗಾದ ಐಸ್‌ಕ್ರೀಮ್ ಕುಡಿದರೆ ಸಿಹಿ ಮುಖಕ್ಕೆ ಹೊಡೆಯುವುದು ಇದೇ ಕಾರಣಕ್ಕೆ. ಘಮದ್ದೂ ಇದೇ ಕಥೆ. ವೆನಿಲ್ಲಾದ ಪರಿಮಳ ಕೊಬ್ಬಿಗೆ ಅಂಟಿಕೊಂಡಿರುತ್ತದೆ, ಕೊಬ್ಬು ಬಾಯಲ್ಲಿ ಬೆಚ್ಚಗಾದ ಮೇಲಷ್ಟೇ ಅದು ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಟ್ಟು ನೋಡಿ.

ಗಾಳಿಯ ಮಾತು ಚುಟುಕಾಗಿ. ಒಂದು ಲೀಟರ್ ಮಿಶ್ರಣಕ್ಕೆ ಗಾಳಿ ತುಂಬಿ ಎರಡು ಲೀಟರ್ ಐಸ್‌ಕ್ರೀಮ್ ಮಾಡಬಹುದು. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಐಸ್‌ಕ್ರೀಮ್ ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು, ಹಾಲಿನ ಕೊಬ್ಬು ಕನಿಷ್ಠ ಶೇ. 10 ಇರಬೇಕು. ವನಸ್ಪತಿ ಕೊಬ್ಬು ಬಳಸಿದ್ದಾದರೆ ‘ಫ್ರೋಜನ್ ಡೆಸರ್ಟ್’ ಎಂದೇ ಬರೆಯಬೇಕು. ಅಡುಗೆಮನೆಯ ತಕ್ಕಡಿಯೂ ಒಬ್ಬ ಪರೀಕ್ಷಕನೇ.

ಹಾಗಾದರೆ ‘ನನಗೆ ಇಷ್ಟವಾಯಿತು’ ಎನ್ನುವುದಕ್ಕೆ ಬೆಲೆಯಿಲ್ಲವೆ? ಇದೆ, ಆದರೆ ಅದನ್ನು ಬೇರೆಯವರಲ್ಲಿ ಕೇಳುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಂಥ ಕಡೆಗಳಲ್ಲಿ ಇಂದ್ರಿಯ ಪರೀಕ್ಷೆಯೂ ಒಂದು ಕೆಲಸ. ತರಬೇತಿ ಪಡೆದವರಿಗೆ ಇಷ್ಟಾನಿಷ್ಟ ಕೇಳುವಂತಿಲ್ಲ, ಜನಸಾಮಾನ್ಯರಿಗೆ ದೋಷದ ಹೆಸರು ಕೇಳುವಂತಿಲ್ಲ. ಮೂರು ಕಪ್ ಕೊಟ್ಟು, ಎರಡರಲ್ಲಿ ಒಂದೇ ಮಾಲು ಇಟ್ಟು, ‘ಬೇರೆ ಯಾವುದು?’ ಎಂದು ಕೇಳುವ ಪರೀಕ್ಷೆಯೂ ಉಂಟು. ಊಹೆಯಿಂದಲೇ ಮೂರಕ್ಕೊಂದು ಸಲ ಸರಿಯಾಗುವುದರಿಂದ, ಅದಕ್ಕಿಂತ ಎಷ್ಟು ಮೇಲಿದ್ದಾರೆ ಎಂಬುದಷ್ಟೇ ಲೆಕ್ಕ. ದುಬಾರಿ ಬ್ರ್ಯಾಂಡಿನ ಅಭಿಮಾನಿಗಳನ್ನು ಈ ಪರೀಕ್ಷೆಗೆ ಕೂರಿಸಿದರೆ ಒಳ್ಳೆಯ ಮನರಂಜನೆಯಾದೀತು.

ಇನ್ನು ಐಸ್‌ಕ್ರೀಮ್ ರುಚಿಯ ಚಾಕೊಲೇಟು. ಇದು ವಿಚಿತ್ರ ಪ್ರಾಣಿ. ವೆನಿಲ್ಲಾ, ಹಾಲಿನ ಪುಡಿ, ಬಿಸ್ಕತ್ತಿನ ಚೂರು ಹಾಕಿ ‘ಐಸ್‌ಕ್ರೀಮ್’ ಎಂದು ಹೆಸರಿಡುವುದು ಸುಲಭ. ಅಂಥವನ್ನು ನಾನು ಸಿಹಿ ಬಿಳಿ ಚಾಕೊಲೇಟೆಂದೇ ಎಣಿಸುತ್ತೇನೆ, ಅದಕ್ಕಿಂತ ಹೆಚ್ಚಿನ ಅಂಕ ಕೊಡಲಾರೆ. ಏಕೆಂದರೆ ಐಸ್‌ಕ್ರೀಮಿನ ಮುಖ್ಯ ಸಾಮಗ್ರಿಯಾದ ತಂಪೇ ಅಲ್ಲಿಲ್ಲ. ಚಾಕೊಲೇಟಿನ ಕೊಬ್ಬಾದ ಕೋಕೋ ಬೆಣ್ಣೆ ಆರು ಬಗೆಯ ಹರಳು ಕಟ್ಟಬಲ್ಲದು. ತಯಾರಕರಿಗೆ ಬೇಕಾದ ಐದನೆಯ ಬಗೆ ಕರಗುವುದು 33, 34 ಡಿಗ್ರಿಯಲ್ಲಿ, ಬಾಯಿಯ ಬಿಸಿಗೆ ತುಸುವೇ ಕೆಳಗೆ. ಅದು ಹಿತವಾಗಿ ಕರಗುತ್ತದೆ, ಆದರೆ ಅಷ್ಟಾಗಿ ತಣ್ಣಗೆ ಅನಿಸುವುದಿಲ್ಲ.

ಜರ್ಮನರು ಈ ತೊಡಕನ್ನು ಬಿಡಿಸಿದ್ದಾರೆ. ‘ಐಸ್‌ಕಾನ್‌ಫೆಕ್ಟ್’ ಎಂಬ, ಅಲ್ಯೂಮಿನಿಯಂ ಹಾಳೆಯ ಪುಟಾಣಿ ಬಟ್ಟಲಲ್ಲಿ ಬರುವ ಅವರ ಚಾಕೊಲೇಟಿನ ಗುಟ್ಟು ತೆಂಗಿನೆಣ್ಣೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿ, ಬಿಸಿಲಿಗಿಟ್ಟರೆ ಇಳಿಯುವ ನಮ್ಮ ಅದೇ ಕೊಬ್ಬರಿ ಎಣ್ಣೆ. ಅದು ಕರಗುವುದು 24 ಡಿಗ್ರಿಯ ಸುಮಾರಿಗೆ. ಕೋಕೋ ಬೆಣ್ಣೆಯೊಂದಿಗೆ ಅದು ಹೊಂದಿಕೊಳ್ಳದೆ, ಮಿಶ್ರಣ ಇನ್ನಷ್ಟು ಮೆದುವಾಗುತ್ತದೆ. ಬಾಯಿಗಿಟ್ಟೊಡನೆ ಇಡೀ ತುಂಡು ಒಮ್ಮೆಲೇ ಕರಗುವುದರಿಂದ, ಕರಗಲು ಬೇಕಾದ ಶಾಖವನ್ನು ನಾಲಿಗೆಯಿಂದಲೇ ಸೆಳೆದುಕೊಳ್ಳುತ್ತದೆ. ನಾಲಿಗೆ ನಿಜಕ್ಕೂ ತಣ್ಣಗಾಗುತ್ತದೆ. ನೀರಿನಲ್ಲಿ ಕರಗುವಾಗ ಶಾಖ ಹೀರುವ ಡೆಕ್ಸ್‌ಟ್ರೋಸ್ ಸೇರಿಸುವುದೂ ಉಂಟು. ಮೆಂಥಾಲ್ ಮಾತ್ರ ಹಸಿ ಸುಳ್ಳು. ಶಾಖ ಹೀರದೆಯೇ ಅದು ಟಿಆರ್‌ಪಿಎಂ8 ಎಂಬ ತಂಪಿನ ಗ್ರಾಹಕವನ್ನು ತಟ್ಟುತ್ತದೆ. ಇದರ ಪತ್ತೆ 2021ರ ವೈದ್ಯಕೀಯ ನೊಬೆಲ್ ಪಡೆದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಅವರ ಕೆಲಸದ ಭಾಗ.

ಇವುಗಳಿಗೆ ಅಂಕ ಕೊಡುವಾಗ ನಾನು ನೋಡುವುದು ಮೂರೇ ಸಂಗತಿ: ತಂಪು ಕೊಬ್ಬಿನಿಂದ ಬಂತೋ ಮೆಂಥಾಲಿನಿಂದಲೋ, ಕರಗಿದ ಮೇಲೆ ಬಾಯಲ್ಲಿ ಮೇಣ ಉಳಿಯಿತೋ, ಹಾಲಿನ ಪುಡಿ ಹಳತೋ. ಫ್ರಿಜ್ಜಿನಿಂದ ತೆಗೆದ ಮಾಮೂಲಿ ಚಾಕೊಲೇಟನ್ನು ಪೊಟ್ಟಣ ಬಿಚ್ಚದೆ ಕೋಣೆಯ ಬಿಸಿಗೆ ತರಬೇಕು. ಬಿಚ್ಚಿದರೆ ಗಾಳಿಯ ತೇವ ಮೇಲೆ ಕೂತು, ಒಣಗಿದಾಗ ಸಕ್ಕರೆಯ ಬಿಳಿ ಪದರ ಉಳಿಯುತ್ತದೆ. ತೆಂಗಿನೆಣ್ಣೆಯದಕ್ಕೆ ಈ ತಾಳ್ಮೆ ಸಲ್ಲದು. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಕೋಣೆಯ ಬಿಸಿಗೆ ಬಿಟ್ಟರೆ ಬಟ್ಟಲಲ್ಲಿ ಸಿಗುವುದು ಎಣ್ಣೆ. ಕರಗುವ ಕೆಲಸ ಆಗಲೇ ಮುಗಿದಿರುವುದರಿಂದ ಅದರಲ್ಲಿ ತಂಪೂ ಇರುವುದಿಲ್ಲ.