ಮುಳ್ಳು ಏರಿದ್ದು ಎಲ್ಲಿ?

ಹುಮನಾಬಾದಿನಿಂದ ಹೈದರಾಬಾದಿಗೆ ಬರುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಎರಡು ರಸ್ತೆಗಳಿವೆ. ಜಹೀರಾಬಾದ್, ಸದಾಶಿವಪೇಟೆ, ಸಂಗಾರೆಡ್ಡಿಗಳವರೆಗೆ ಅದು ಬಯಲಿನ ರಸ್ತೆ. ಗಾಳಿ ಎದುರಿನಿಂದ ಬೀಸುತ್ತದೆ, ಗಾಡಿ ತಡೆಯಿಲ್ಲದೆ ಓಡುತ್ತದೆ. ಹೊರ ವರ್ತುಲ ರಸ್ತೆಯನ್ನು ದಾಟಿ ಪಟಾನ್‌ಚೆರು ಹೊಕ್ಕ ಮೇಲೆ ಅದು ಊರಿನ ರಸ್ತೆ. ರಾಮಚಂದ್ರಾಪುರಂ, ಬಿಎಚ್‌ಇಎಲ್, ಲಿಂಗಂಪಲ್ಲಿ, ಚಂದಾನಗರ, ಮದೀನಾಗೂಡ ಒಂದರ ಬೆನ್ನಿಗೊಂದು ಅಂಟಿಕೊಂಡು ಬರುತ್ತವೆ. ಅಲ್ಲಿಂದ ಮುಂದೆ ಮಿಯಾಪುರ. ತಲೆಯ ಮೇಲೆ ಮೆಟ್ರೊ ಕಂಬಗಳ ಸಾಲು ಶುರುವಾಗುವುದೂ ಇಲ್ಲೇ. 2017ರ ನವೆಂಬರ್ 28ರಂದು ಹೈದರಾಬಾದ್ ಮೆಟ್ರೊ ಉದ್ಘಾಟನೆಯಾದದ್ದು ಇಲ್ಲಿನ ನಿಲ್ದಾಣದಲ್ಲೇ. ಮೇಲೆ ರೈಲು ಸರಾಗ. ಕೆಳಗೆ ಸಿಗ್ನಲ್ಲಿನಲ್ಲಿ ಬಸ್ಸು, ಆಟೊ, ನೀರಿನ ಟ್ಯಾಂಕರು, ಪುಣೆ-ಮುಂಬೈ ಕಡೆಯ ಟ್ರಾವೆಲ್ಸ್ ಗಾಡಿಗಳೆಲ್ಲ ಒಂದಕ್ಕೊಂದು ಬಂಪರ್ ತಾಗಿಸುವಂತೆ ನಿಂತಿರುತ್ತವೆ.

ಮೇ ತಿಂಗಳ ಮಧ್ಯಾಹ್ನ. ಬೊಲ್ಲಾರಂ ರಸ್ತೆಗೆ ಹೊರಳಿ ಸ್ವಲ್ಪ ಒಳಗೆ ಬಂದರೆ ತಗಡಿನ ಸೂರಿನ ಒಂದು ಗ್ಯಾರೇಜು. ನೆಲಕ್ಕೆ ಎಣ್ಣೆಯ ಕಪ್ಪು, ಗೋಡೆಗೆ ಸ್ಪ್ಯಾನರುಗಳ ಸಾಲು, ಮೂಲೆಯಲ್ಲಿ ಬಿಚ್ಚಿಟ್ಟ ಗೇರ್‌ಬಾಕ್ಸು. ಬಾಗಿಲಿಗೆ ಬಂದು ನಿಂತದ್ದು ಕರ್ನಾಟಕದ ನಂಬರಿನ ಹಳೆಯ ಡೀಸೆಲ್ ಎಸ್‌ಯುವಿ. ಬಾನೆಟ್ಟಿನ ಸಂದಿಯಿಂದ ಬಿಸಿ ಗಾಳಿ ಕಾರುತ್ತಿದೆ. 1994ರಲ್ಲಿ ಸುಮೋ ಬಂತು, 1998ರಲ್ಲಿ ಸಫಾರಿ, 2000ದಲ್ಲಿ ಕ್ವಾಲಿಸ್ ಮತ್ತು ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ. ಬೀದರ, ಕಲಬುರಗಿ ಕಡೆಯ ಮನೆಗಳಲ್ಲಿ ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ, ಸಂತೆಗೆ ಓಡಿದ ಪೀಳಿಗೆ ಅದು. ಈ ಗಾಡಿಯೂ ಆ ಕಾಲದ್ದೇ. 15 ವರ್ಷ ದಾಟಿ, ನೋಂದಣಿ ನವೀಕರಿಸಿಕೊಂಡು, ಇನ್ನೂ ಮನೆಯ ಕೆಲಸ ಮಾಡುತ್ತಿದೆ.

ಇಳಿದವರು ಬಿಳಿ ಅಂಗಿಯ ಹಿರಿಯರು. ಮೇಸ್ತ್ರಿ ನಾರಾಯಣಖೇಡ ಕಡೆಯವನು. ಗಿರಾಕಿಯ ಮುಖ ನೋಡಿ ತೆಲುಗು, ದಖನಿ, ಕನ್ನಡ ಮೂರರಲ್ಲೂ ಸಲೀಸಾಗಿ ಮಾತಾಡಬಲ್ಲವನು. ನಂಬರ್ ಪ್ಲೇಟ್ ಕಂಡು ಕನ್ನಡಕ್ಕೆ ಬಂದ. ಬಾನೆಟ್ ಎತ್ತುವ ಮೊದಲು ಕೇಳಿದ.

“ಕಾಕಾ, ಎಲ್ಲಿ ಹೀಟ್ ಆಗ್ಲತ್ತದ್ರಿ? ಹೈವೇದಾಗೋ, ಟ್ರಾಫಿಕ್‌ನಾಗೋ?”

“ಜಹೀರಾಬಾದದಿಂದ ಪಟಾನ್‌ಚೆರು ತನಾ ಹೀಟಿನ ಮುಳ್ಳು ಅಲ್ಲಾಡಿಲ್ಲ ನೋಡಪ್ಪಾ. ಬಿಎಚ್‌ಇಎಲ್ ದಾಟಿದ್ಮ್ಯಾಲ ಏರ್ಲಕ ಶುರು ಆಯ್ತು. ಚಂದಾನಗರದಾಗ ಎಸಿ ಬಂದ್ ಮಾಡ್ದೆ, ಸ್ವಲ್ಪ ಇಳೀತು. ಇಲ್ಲಿ ಸಿಗ್ನಲ್‌ನಾಗ ಮತ್ತ ಕೆಂಪಿಗಿ ಬಂತು.”

ಹಿರಿಯರು ಮುಂದುವರಿಸಿದರು. ಎರಡು ಕಡೆ ತೋರಿಸಿದ್ದಾರಂತೆ. ಒಬ್ಬ ರೇಡಿಯೇಟರ್ ಬದಲಿಸಬೇಕೆಂದ, ಇನ್ನೊಬ್ಬ ಎಂಜಿನ್ನಿನ ಹೆಡ್ ಇಳಿಸಬೇಕೆಂದ. ಮೇಸ್ತ್ರಿ ಅದಕ್ಕೆ ಏನೂ ಅನ್ನಲಿಲ್ಲ. ಅವನಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು.

ಡೀಸೆಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ದಕ್ಕುವುದು ಸುಮಾರು ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನ ಹೊಗೆಯ ಜೊತೆ ಹೋಗುತ್ತದೆ. ಉಳಿದ ಶಾಖದ ಬಹುಪಾಲನ್ನು ಎಂಜಿನ್ನಿನ ಗೋಡೆಗಳೊಳಗೆ ಸುತ್ತುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಹೀಗಾಗಿ ಎಂಜಿನ್ ಕಾದರೆ ಅನುಮಾನ ಎರಡೇ. ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಗಾಳಿ ಸರಿಯಾಗಿ ಹಾಯುತ್ತಿಲ್ಲ. ಹೆದ್ದಾರಿಯ ವೇಗದಲ್ಲಿ ಎಂಜಿನ್ನಿನ ಮೇಲೆ ಹೊರೆ ಹೆಚ್ಚು, ಆದರೆ ಗಾಳಿ ತಾನಾಗಿ ನುಗ್ಗುತ್ತದೆ. ಅಲ್ಲಿ ಕಾದರೆ ನೀರಿನ ದಾರಿಯನ್ನು ಮೊದಲು ಶಂಕಿಸಬೇಕು. ನಿಂತು ನಿಂತು ಸಾಗುವಾಗ ಗಾಳಿಯನ್ನು ಫ್ಯಾನೇ ಎಳೆಯಬೇಕು. ಅಲ್ಲಿ ಮಾತ್ರ ಕಾದರೆ ಗಾಳಿಯ ದಾರಿಯನ್ನು ನೋಡಬೇಕು. ಕಾಕಾ ಹೇಳಿದ ಊರುಗಳ ಹೆಸರಿನಲ್ಲೇ ರೋಗದ ಸುಳಿವು ಇತ್ತು.

ಮೇಸ್ತ್ರಿ ಎಂಜಿನ್ ಆರಿಸಿದ. ಚಾವಿಯನ್ನು ತನ್ನ ಜೇಬಿಗೆ ಹಾಕಿಕೊಂಡು, ಬಾನೆಟ್ ಎತ್ತಿ, ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟು ತಳ್ಳಿದ. ಅದು ಯಾವ ಬಿಗುವೂ ಇಲ್ಲದೆ ಸುತ್ತು ಮೇಲೆ ಸುತ್ತು ತಿರುಗಿತು.

ಇಂಥ ಗಾಡಿಗಳ ಫ್ಯಾನು ಕರೆಂಟಿನದಲ್ಲ. ಎಂಜಿನ್ನಿನ ಬಲದಿಂದಲೇ ತಿರುಗುವ ವಿಸ್ಕಸ್ ಫ್ಯಾನು. ನಡುವಿನ ಡಬ್ಬಿಯೊಳಗೆ ಮಂದವಾದ ಸಿಲಿಕಾನ್ ಎಣ್ಣೆ, ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಸುರುಳಿ ತಿರುಚಿಕೊಂಡು ಒಳಗಿನ ಬಾಗಿಲು ತೆರೆಯುತ್ತದೆ. ಎಣ್ಣೆ ತಟ್ಟೆಗಳ ನಡುವೆ ತುಂಬಿ ಫ್ಯಾನನ್ನು ಎಂಜಿನ್ನಿನ ಓಟಕ್ಕೆ ಕಟ್ಟಿಹಾಕುತ್ತದೆ. ತಣ್ಣಗಾದಾಗ ಸಡಿಲ ಬಿಡುತ್ತದೆ. ಕಾದ ಎಂಜಿನ್ನಿನಲ್ಲಿ ಕೈಯಿಂದ ತಿರುಗಿಸಿದರೆ ಬಿಗುವು ತಿಳಿಯಬೇಕು. ಇಲ್ಲಿ ಡಬ್ಬಿಯ ಮೈಮೇಲೆ ಎಣ್ಣೆ ಒಸರಿ ಧೂಳು ಗೆರೆಗೆರೆಯಾಗಿ ಹಿಡಿದಿತ್ತು. ಒಳಗಿನ ಎಣ್ಣೆ ಸೋರಿಹೋಗಿದೆ. ಫ್ಯಾನು ತಿರುಗುವುದು ಕಾಣುತ್ತದೆ, ಗಾಳಿ ಎಳೆಯುವುದಿಲ್ಲ.

ಈ ಚಿಂತೆ ಕಾರಿನಷ್ಟೇ ಹಳೆಯದು. ವಿಲ್ಹೆಲ್ಮ್ ಮೇಬ್ಯಾಕ್ ರೂಪಿಸಿದ 1901ರ ಮರ್ಸಿಡಿಸ್ ಕಾರಿನಲ್ಲಿ ಜೇನುಗೂಡು ರೇಡಿಯೇಟರ್ ಇತ್ತು. ಅದರಲ್ಲಿ 8,070 ಪುಟ್ಟ ಕೊಳವೆಗಳು. ಗಾಡಿ ನಿಧಾನವಾದಾಗಲೂ ಗಾಳಿ ಹಾಯಲೆಂದು ಹಿಂಬದಿಯಲ್ಲಿ ಒಂದು ಫ್ಯಾನೂ ಇತ್ತು. ಮಿಯಾಪುರದ ಸಿಗ್ನಲ್ಲಿಗೆ ಬೇಕಾದ ಉಪಾಯ ಅಂದೇ ಸಿದ್ಧವಾಗಿತ್ತು.

ಒಂದು ಕಾರಣ ಸಿಕ್ಕಿತೆಂದು ಮೇಸ್ತ್ರಿ ಕೈ ತೊಳೆಯಲಿಲ್ಲ. ಹಳೆಯ ಗಾಡಿಯಲ್ಲಿ ಒಂದು ದೋಷದ ಹಿಂದೆ ಇನ್ನೊಂದು ಅಡಗಿರುತ್ತದೆ ಎಂಬುದು ಅವನಿಗೆ ಗೊತ್ತು. ಆದರೆ ಮುಂದಿನ ಪರೀಕ್ಷೆಗೆ ಎಂಜಿನ್ ತಣ್ಣಗಾಗಬೇಕು. ಸಹಾಯಕ ಹುಡುಗ ರೇಡಿಯೇಟರ್ ಮುಚ್ಚಳದತ್ತ ಕೈ ಚಾಚಿದ. ಮೇಸ್ತ್ರಿ ಅವನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದ. ಹೈದರಾಬಾದಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ ಅದೇ ನೀರು 118ರ ಆಸುಪಾಸಿನವರೆಗೂ ಕುದಿಯದೆ ನಿಲ್ಲುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಬೀಳುತ್ತದೆ. ತಡೆದಿದ್ದ ನೀರಿನ ಒಂದು ಪಾಲು ಒಮ್ಮೆಲೇ ಹಬೆಯಾಗಿ, ಕುದಿನೀರನ್ನೂ ಹೊತ್ತು ಮುಖಕ್ಕೆ ಚಿಮ್ಮುತ್ತದೆ. ಮುಖ, ಕೈ ಸುಟ್ಟುಕೊಂಡ ಮೆಕ್ಯಾನಿಕರು ಈ ಕಸುಬಿನಲ್ಲಿ ಇದ್ದಾರೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಸಲ್ಲ, ಹೆಡ್ ಸೀಳಬಹುದು. ಚಹಾ ಬಂತು. ಎಲ್ಲರೂ ಕಾದರು.

ಮುಚ್ಚಳ ಬಿಚ್ಚಿದಾಗ ಕಂಡ ನೀರು ಹಸಿರೂ ಅಲ್ಲ, ಗುಲಾಬಿಯೂ ಅಲ್ಲ, ಇಟ್ಟಿಗೆ ಪುಡಿ ಕಲಸಿದ ಬಣ್ಣ. ಸುರುವಿನಲ್ಲಿ ಕೂಲಂಟ್ ಇದ್ದಿರಬೇಕು. ಆಮೇಲೆ ಕಡಿಮೆಯಾದಾಗಲೆಲ್ಲ ದಾರಿಯಲ್ಲಿ ಸಿಕ್ಕ ಬೋರ್ ನೀರು ತುಂಬಿದ್ದಾರೆ. ಆ ಗಡಸು ನೀರು ಕಾದಾಗ ಮನೆಯ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ತುಕ್ಕು ಅದಕ್ಕೆ ಕೂಡಿಕೊಳ್ಳುತ್ತದೆ. ಗಾಡಿಗೆ ನಲ್ಲಿಯ ನೀರೂ ಬೇಡ, ಬೋರಿನ ನೀರೂ ಬೇಡ. ಡಿಸ್ಟಿಲ್ಡ್ ವಾಟರಿನಲ್ಲಿ ಕಲಸಿದ ಕೂಲಂಟೇ ಬೇಕು. ತುಕ್ಕು ತಡೆಯುವ, ಕುದಿಯುವ ಮಟ್ಟವನ್ನು ಮೇಲೇರಿಸುವ ಗುಣ ಇರುವುದು ಅದರಲ್ಲಿ.

ಇನ್ನು ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್. ಡಿಪ್‌ಸ್ಟಿಕ್ ಎಳೆದು ನೋಡಿದ. ಎಣ್ಣೆ ಕಪ್ಪಾಗಿಯೇ ಇದೆ, ಹಾಲಿನ ಚಹಾದ ಬಣ್ಣಕ್ಕೆ ತಿರುಗಿಲ್ಲ. ರೇಡಿಯೇಟರನ್ನು ತುಂಬಿಸಿ, ಮುಚ್ಚಳ ಹಾಕದೆ ತಣ್ಣನೆಯ ಎಂಜಿನ್ ಚಾಲೂ ಮಾಡಿಸಿದ. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ ಗುಳ್ಳೆಗಳು ನಿಲ್ಲದೆ ಏಳಬೇಕು, ಮುಚ್ಚಳ ಹಾಕಿದರೆ ಹೋಸ್ ಪೈಪು ಕೂಡಲೇ ಕಲ್ಲಿನಂತೆ ಗಟ್ಟಿಯಾಗಬೇಕು. ಎರಡೂ ಆಗಲಿಲ್ಲ. ಕೊನೆಗೆ ನೀಲಿ ದ್ರವದ ಕೊಳವೆಯನ್ನು ರೇಡಿಯೇಟರಿನ ಬಾಯಿಗಿಟ್ಟು ಅಲ್ಲಿನ ಗಾಳಿಯನ್ನು ಎಳೆದ. ಉರಿದ ಹೊಗೆ ಬೆರೆತಿದ್ದರೆ ಅದರ ಬಣ್ಣ ಬದಲಾಗಬೇಕಿತ್ತು. ನೀಲಿಯಾಗಿಯೇ ಉಳಿಯಿತು. “ಹೆಡ್ ಗಟ್ಟಿ ಅದ ಕಾಕಾ” ಎಂದ. ಹಿರಿಯರು ಕುರ್ಚಿಗೆ ಒರಗಿದರು.

ನೀರು ತಳ್ಳುವ ಪಂಪಾದ ವಾಟರ್ ಬಾಡಿಯ ಕೆಳಗೆ ಸೋರಿಕೆ ಇಲ್ಲ, ಬೆಲ್ಟು ಬಿಗಿಯಾಗಿದೆ. ಅನುಮಾನ ಥರ್ಮೋಸ್ಟಾಟ್ ಮೇಲೆ ಬಂತು. ಅದರ ಮನೆ ಬಿಚ್ಚಿದರೆ ಒಳಗೆ ಬರೀ ಖಾಲಿ. ಹಿಂದೆ ಯಾರೋ ತೆಗೆದೆಸೆದಿದ್ದರು. ನಮ್ಮಲ್ಲಿ ಹಳೆಯ ಗಾಡಿ ಕಾದಾಗ ಮಾಡುವ ಮೊದಲ ಅಡ್ಡದಾರಿ ಇದು. ಮೇಣ ತುಂಬಿದ ಆ ಪುಟ್ಟ ಕವಾಟ ಸುಮಾರು 82 ಡಿಗ್ರಿಗೆ ತೆರೆಯತೊಡಗುತ್ತದೆ. ಅಲ್ಲಿಯವರೆಗೆ ನೀರನ್ನು ಎಂಜಿನ್ನಿನೊಳಗೇ ಇರಿಸಿ ಬೇಗ ಹದಕ್ಕೆ ತರುತ್ತದೆ. ಅದನ್ನು ತೆಗೆದರೆ ಚಳಿಗಾಲದಲ್ಲಿ ಎಂಜಿನ್ ಹದಕ್ಕೇ ಬರುವುದಿಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ತೆರೆದ ಥರ್ಮೋಸ್ಟಾಟೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥವುಗಳಲ್ಲಿ ಅದು ಇಲ್ಲವಾದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ತಂಪಿಗೆಂದು ಮಾಡಿದ ಕೆಲಸವೇ ಬಿಸಿಗೆ ಕಾರಣವಾಗುತ್ತದೆ.

ಗಾಳಿಯ ದಾರಿಯಲ್ಲೂ ಇನ್ನೊಂದು ಗುಟ್ಟು ಬಾಕಿ ಇತ್ತು. ಮೇಸ್ತ್ರಿ ಟಾರ್ಚ್ ಹಿಡಿದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಬೆಳಕು ಬಿಟ್ಟ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕಟ. ನಡುವಿನ ಸಂದಿಯಲ್ಲಿ ಮಾತ್ರ ಹೊಲದ ಧೂಳು, ಸತ್ತ ಹುಳು, ಒಣ ಹುಲ್ಲು ಸೇರಿ ಕಂಬಳಿ ಹಾಸಿದಂತಿತ್ತು. ಕಂಡೆನ್ಸರ್ ಉಗುಳುವ ಬಿಸಿ ಈ ಗೋಡೆಗೆ ಬಡಿದು ನಿಲ್ಲುತ್ತಿತ್ತು. ಚಂದಾನಗರದಲ್ಲಿ ಎಸಿ ಬಂದ್ ಮಾಡಿದಾಗ ಮುಳ್ಳು ಇಳಿದದ್ದೇಕೆಂದು ಈಗ ತಿಳಿಯಿತು.

ಕೆಲಸ ಶುರುವಾಯಿತು. ಕೆಂಪು ನೀರನ್ನು ಟಬ್ಬಿಗೆ ಇಳಿಸಿದರು, ಚರಂಡಿಗೆ ಬಿಡಲಿಲ್ಲ. ಕೂಲಂಟಿನಲ್ಲಿರುವ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ ನೆಕ್ಕಿದರೆ ಬದುಕುವುದು ಕಷ್ಟ. ರೇಡಿಯೇಟರ್ ಬಿಚ್ಚಿ ಹೊರಗೆ ತಂದು, ಫ್ಯಾನಿನ ಬದಿಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಹಾಯಿಸಿದರು. ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಕಾಯಂ ಮುಚ್ಚುತ್ತದೆ. ಒಳಕೊಳವೆಗಳನ್ನು ಹಿಮ್ಮುಖವಾಗಿ ತೊಳೆದಾಗ ತಿಳಿನೀರು ಬರಲು ಬಹಳ ಹೊತ್ತು ಹಿಡಿಯಿತು. ಹೊಸ ವಿಸ್ಕಸ್ ಡಬ್ಬಿ ಕೂತಿತು. ಹೊಸ ಥರ್ಮೋಸ್ಟಾಟನ್ನು ನೇರವಾಗಿ ಕೂರಿಸಲಿಲ್ಲ. ತಂತಿಗೆ ಕಟ್ಟಿ, ಸ್ಟೌ ಮೇಲಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಅದ್ದಿ, ಹೇಳಿದ ಡಿಗ್ರಿಗೆ ಬಾಯಿ ತೆರೆಯುವುದನ್ನು ಹುಡುಗನಿಗೆ ತೋರಿಸಿದ ಮೇಲೆಯೇ ಅದು ತನ್ನ ಮನೆ ಸೇರಿದ್ದು. ಮುಚ್ಚಳದ ರಬ್ಬರ್ ಬಿರಿದಿತ್ತು. ಅದೂ ಹೊಸದು ಬಂತು.

ಕೂಲಂಟ್ ತುಂಬುವುದಕ್ಕೂ ತಾಳ್ಮೆ ಬೇಕು. ಗಾಡಿಯ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಸಣ್ಣ ಧಾರೆಯಲ್ಲಿ ಸುರಿದರು. ಒಳಗೆ ಗಾಳಿ ಸಿಕ್ಕಿಕೊಂಡರೆ ಆ ಜಾಗದಲ್ಲಿ ನೀರಿಲ್ಲದೆ ಹೆಡ್ ಸುಡುತ್ತದೆ. ಎಂಜಿನ್ ಓಡುತ್ತಿತ್ತು. ಮೇಲಿನ ಹೋಸ್ ಪೈಪು ತಣ್ಣಗಿದ್ದದ್ದು ಒಮ್ಮೆಗೇ ಬಿಸಿಯಾಯಿತು. ಥರ್ಮೋಸ್ಟಾಟ್ ತೆರೆದುಕೊಂಡಿತ್ತು. ಗುಳ್ಳೆ ಎದ್ದು ನೀರಿನ ಮಟ್ಟ ಕುಸಿಯಿತು, ಮತ್ತೆ ತುಂಬಿದರು.

ಸಂಜೆ ಆಫೀಸುಗಳು ಬಿಡುವ ಹೊತ್ತನ್ನೇ ಪರೀಕ್ಷೆಗೆ ಆರಿಸಿಕೊಂಡ. ಖಾಲಿ ರಸ್ತೆಯಲ್ಲಿ ಓಡಿಸಿ ಸರಿಯಾಯಿತೆನ್ನುವುದು ಈ ರೋಗಕ್ಕೆ ಸಾಕಾಗದು. ಎಸಿ ಹಾಕಿ, ಮಿಯಾಪುರ ಕ್ರಾಸಿನ ದಟ್ಟಣೆಯ ನಡುವೆ ಗಾಡಿ ನಿಂತಿತು. ಮುಳ್ಳು ಮೆಲ್ಲಗೆ ಅರ್ಧದ ತನಕ ಬಂತು. ಫ್ಯಾನು ಹೊಯ್ಯೆಂದು ಗಟ್ಟಿಯಾಗಿ ಎಳೆಯತೊಡಗಿತು, ಮುಳ್ಳು ಕೂದಲೆಳೆಯಷ್ಟು ಇಳಿದು ನಿಂತಿತು. ಸಿಗ್ನಲ್ ಬಿಟ್ಟು ಬಿಟ್ಟು ಬಿದ್ದರೂ ಅದು ಜಾಗ ಬಿಡಲಿಲ್ಲ.

ಮರಳಿದ ಮೇಲೆ ಮೇಸ್ತ್ರಿ ಹೇಳಿದ್ದು ಇಷ್ಟು. “ಮುಂಜಾನಿ ತಣ್ಣಗಿದ್ದಾಗ ವಾರಕ್ಕೊಮ್ಮೆ ನೀರು ನೋಡ್ರಿ. ಮುಳ್ಳು ಏರಿದ್ರ ಎಸಿ ಬಂದ್ ಮಾಡಿ ಹೀಟರ್ ಹಾಕ್ರಿ, ಬದಿಗಿ ನಿಲ್ಲಸ್ರಿ. ಮನಿ ಸಮೀಪ ಅದ ಅಂತ ಮಾತ್ರ ಓಡಸ್ಬ್ಯಾಡ್ರಿ.” ಮನೆ ಸಮೀಪವೆಂಬ ಆ ನೆಪಕ್ಕೆ ಎಷ್ಟೋ ಎಂಜಿನ್ನುಗಳು ಬಲಿಯಾಗಿವೆ. ಕೆಂಪು ದಾಟಿದ ಮೇಲೆ ಓಡಿಸಿದ ನಾಲ್ಕಾರು ನಿಮಿಷಗಳಲ್ಲೇ ಅಲ್ಯೂಮಿನಿಯಂ ಹೆಡ್ ಬಾಗಿ ದೊಡ್ಡ ಖರ್ಚಿಗೆ ದಾರಿಯಾಗಬಹುದು.

ಬಿಲ್ಲಿನಲ್ಲಿ ಡಬ್ಬಿ, ಥರ್ಮೋಸ್ಟಾಟ್, ಮುಚ್ಚಳ, ಕೂಲಂಟ್, ಮಜೂರಿಗಳ ಸಾಲುಗಳಿದ್ದವು. ಮೊದಲು ಕೇಳಿದ ಪ್ರಶ್ನೆಗೆ ಸಾಲಿರಲಿಲ್ಲ. ಹೊಸ ರೇಡಿಯೇಟರಿನ ಖರ್ಚನ್ನು, ಹೆಡ್ ಇಳಿಸುವ ಖರ್ಚನ್ನು ಉಳಿಸಿದ್ದು ಆ ಪ್ರಶ್ನೆ. ಕಾಕಾ ಬಿಲ್ಲಿನ ಹಣ ಎಣಿಸಿ ಕೊಟ್ಟು, ಅದರ ಮೇಲೆ ಇನ್ನೊಂದಿಷ್ಟು ಇಟ್ಟರು. ಮೇಸ್ತ್ರಿ ಬೇಡವೆಂದರೂ ಕೇಳಲಿಲ್ಲ. ಬಿಡಿಭಾಗಕ್ಕೆ ಹೇಳಿದ ಬೆಲೆ ಕೊಡುವ ನಾವು ರೋಗ ಪತ್ತೆ ಮಾಡಿದ ಕೆಲಸಕ್ಕೆ ಚೌಕಾಸಿ ಮಾಡುತ್ತೇವೆ. ಹಾಗಾಗಿಯೇ ಅನೇಕ ಗ್ಯಾರೇಜುಗಳಲ್ಲಿ ಕೇಳುವುದು ಕಡಿಮೆಯಾಗಿ ಬದಲಿಸುವುದು ಹೆಚ್ಚಾಗಿದೆ. ಹಳೆಯ ಗಾಡಿಗಳು ಇನ್ನಷ್ಟು ವರ್ಷ ಓಡಬೇಕಾದರೆ, ಅರ್ಧ ಗಂಟೆ ಕೇಳಿ, ಮುಟ್ಟಿ, ಕಾದು ನೋಡುವ ಮೇಸ್ತ್ರಿಯ ಆ ಅರ್ಧ ಗಂಟೆಗೂ ನಾವು ಮನಸಾರೆ ಕೂಲಿ ಕೊಡಬೇಕು.