ಮಗ್ದಲದ ಮರಿಯ: ಮಾಡದ ಪಾಪಕ್ಕೆ ಪಶ್ಚಾತ್ತಾಪ

ಕತ್ತಲು ಕವಿದ ಕೋಣೆ. ಮೇಜಿನ ಮೇಲೆ ಒಂದೇ ಮೇಣದ ಬತ್ತಿ, ಹಿಂದಿನ ಕನ್ನಡಿಯಲ್ಲಿ ಅದರ ಪ್ರತಿಬಿಂಬ. ಪಕ್ಕದಲ್ಲಿ ಕುಳಿತ ಮಹಿಳೆಯ ಮಡಿಲಲ್ಲಿ ತಲೆಬುರುಡೆ. ಅದರ ಮೇಲೆ ಆಕೆ ಎರಡೂ ಕೈಗಳನ್ನು ಜೋಡಿಸಿಟ್ಟಿದ್ದಾಳೆ. ಮುತ್ತಿನ ಸರ ಮೇಜಿನ ಮೇಲಿದೆ, ಇತರ ಆಭರಣಗಳು ನೆಲದ ಮೇಲೆ ಬಿದ್ದಿವೆ. ಮುಖ ನೋಡುಗರಿಗೆ ವಿಮುಖವಾಗಿದೆ.

ಲೊರೇನ್ ಪ್ರಾಂತ್ಯದ ಬರೋಕ್ ಕಲಾವಿದ ಜಾರ್ಜ್ ದ ಲಾ ತೂರ್ (1593-1652) ಸುಮಾರು 1640ರಲ್ಲಿ ರಚಿಸಿದ ಮಗ್ದಲದ ಮರಿಯಳ ತೈಲಚಿತ್ರವಿದು. ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಇದೇ ವಸ್ತುವನ್ನು ಲಾ ತೂರ್ ಹಲವು ಬಾರಿ ಚಿತ್ರಿಸಿದ್ದಾನೆ.

ಚಿತ್ರದ ಸಂಕೇತಗಳು ಅಂದಿನ ಭಕ್ತರಿಗೆ ಸುಪರಿಚಿತವಾಗಿದ್ದವು. ಬುರುಡೆ ಸಾವನ್ನು, ಕನ್ನಡಿ ಲೌಕಿಕ ವ್ಯಾಮೋಹವನ್ನು, ಕಳಚಿಟ್ಟ ಒಡವೆಗಳು ತ್ಯಾಗವನ್ನು ಸೂಚಿಸುತ್ತವೆ.

ಏಕೆ ಈ ವಸ್ತು?

ಪಾಪನಿವೇದನೆಯ ಸಂಸ್ಕಾರವನ್ನು ಪ್ರಾಟೆಸ್ಟೆಂಟ್ ಸುಧಾರಕರು ಪ್ರಶ್ನಿಸಿದ್ದರು. ಟ್ರೆಂಟ್ ಧರ್ಮಸಭೆ 1551ರಲ್ಲಿ ಅದನ್ನು ಬಲವಾಗಿ ಸಮರ್ಥಿಸಿತು. ಅನಂತರ ಕ್ಯಾಥೋಲಿಕ್ ನಾಡುಗಳಲ್ಲಿ ಕಣ್ಣೀರಿಡುವ ಪೇತ್ರ, ಧ್ಯಾನಮಗ್ನ ಮರಿಯ ಮುಂತಾದ ಚಿತ್ರಗಳಿಗೆ ಬೇಡಿಕೆ ಹೆಚ್ಚಿತು. ಎಂಥ ಪಾಪಿಗೂ ಕ್ಷಮೆಯುಂಟು ಎಂಬ ಬೋಧನೆಗೆ ಮರಿಯ ಪ್ರಧಾನ ನಿದರ್ಶನವಾದಳು.

ಆದರೆ ಈ ನಿದರ್ಶನದ ಬುಡದಲ್ಲೇ ಒಂದು ತಪ್ಪಿದೆ. ಮಗ್ದಲದ ಮರಿಯ ವೇಶ್ಯೆಯಾಗಿದ್ದಳೆಂದು ಬೈಬಲ್‌ನಲ್ಲಿ ಎಲ್ಲಿಯೂ ಹೇಳಿಲ್ಲ. ಏಳು ದೆವ್ವಗಳ ಕಾಟದಿಂದ ಆಕೆ ಬಿಡುಗಡೆ ಹೊಂದಿದಳೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಶಿಲುಬೆಯ ಬಳಿ ನಿಂತವಳು ಆಕೆ. ಯೋಹಾನನ ಸುವಾರ್ತೆಯ ಪ್ರಕಾರ ಪುನರುತ್ಥಾನಗೊಂಡ ಯೇಸುವನ್ನು ಮೊದಲು ಕಂಡವಳೂ ಆಕೆಯೇ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದ ‘ಪಾಪಿ ಸ್ತ್ರೀ’ಗೆ ಹೆಸರೇ ಇಲ್ಲ. ಈ ಇಬ್ಬರನ್ನೂ ಬೆಥಾನಿಯದ ಮರಿಯಳನ್ನೂ ಒಬ್ಬಳೇ ಎಂದು ಪೋಪ್ ಒಂದನೇ ಗ್ರೆಗರಿ 591ರ ಪ್ರವಚನವೊಂದರಲ್ಲಿ ಬೋಧಿಸಿದರು. ಪೂರ್ವದ ಆರ್ಥಡಾಕ್ಸ್ ಚರ್ಚ್ ಇದನ್ನು ಒಪ್ಪಲಿಲ್ಲ. ಪಶ್ಚಿಮದಲ್ಲಿ ಮಾತ್ರ ಇದೇ ನಂಬಿಕೆ ಬೇರೂರಿತು. ಕಲಾವಿದರ ಕುಂಚ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತು.

1969ರಲ್ಲಿ ಕ್ಯಾಥೋಲಿಕ್ ಪಂಚಾಂಗ ಪರಿಷ್ಕರಣೆಗೊಂಡಾಗ ಈ ಗೊಂದಲವನ್ನು ಕೈಬಿಡಲಾಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ಸ್ಮರಣೆಯನ್ನು ಹಬ್ಬದ ದರ್ಜೆಗೇರಿಸಿ, ಅಪೊಸ್ತಲರ ಸ್ಮರಣೆಗೆ ಸಮನಾದ ಸ್ಥಾನ ನೀಡಿದರು.

ಇದರಿಂದ ಲಾ ತೂರ್‌ನ ಚಿತ್ರದ ಮೌಲ್ಯವೇನೂ ಕುಂದದು. ಆತ ಆಕೆಯ ಪಾಪವನ್ನು ಚಿತ್ರಿಸಲೇ ಇಲ್ಲ. ಸಾವನ್ನು ಮಡಿಲಲ್ಲಿಟ್ಟುಕೊಂಡು ತನ್ನೊಳಗನ್ನು ನೋಡಿಕೊಳ್ಳುತ್ತಿರುವ ಜೀವವನ್ನಷ್ಟೇ ಚಿತ್ರಿಸಿದ. ಪಶ್ಚಾತ್ತಾಪ ಪಡಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಈಗ ಚೌಕಟ್ಟಿನಿಂದ ಹೊರಗೆ, ಆಕೆಗೆ ಹದಿಮೂರು ಶತಮಾನ ಕಳಂಕ ಹೊರಿಸಿದವರ ಕಡೆಗೆ ತಿರುಗಿದೆ.