ಎಂಟ್ರಿ ಮ್ಯೂಸಿಕ್ ಮಾಡೋದು ಹೇಗೆ? ಹಳೆ ಸಿಂಥ್ ಗುರುಗಳಿಂದ ಒಂದು ಪಾಠ

ಫೆಸ್ಟ್ ಹತ್ತಿರ ಬಂತು ಅಂದ್ರೆ ಡ್ಯಾನ್ಸ್ ಟೀಮಿನಿಂದ ಹಿಡಿದು ಫ್ಯಾಶನ್ ಶೋ ಟೀಮಿನವರೆಗೆ ಎಲ್ಲರಿಗೂ ಒಂದು ಎಂಟ್ರಿ ಮ್ಯೂಸಿಕ್ ಬೇಕು. ಸಾಮಾನ್ಯವಾಗಿ ಏನಾಗುತ್ತೆ? ಯಾವುದೋ ಸಿನಿಮಾದ ಹೀರೋ ಎಂಟ್ರಿ ಬಿಜಿಎಂ ತಂದು ಮೊದಲ ಸೆಕೆಂಡಿನಿಂದಲೇ ಫುಲ್ ಸೌಂಡಿನಲ್ಲಿ ಬಿಡುತ್ತೇವೆ. ಹತ್ತು ಸೆಕೆಂಡಿನೊಳಗೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಟೀಮ್ ನಿಜವಾಗಿ ವೇದಿಕೆಗೆ ಬರುವ ಹೊತ್ತಿಗೆ ಮ್ಯೂಸಿಕ್‌ಗೆ ಹೇಳೋಕೆ ಏನೂ ಉಳಿದಿರುವುದಿಲ್ಲ.

ಹಾಗಾದರೆ ಬೇರೆ ದಾರಿ ಏನು? 1970 ಮತ್ತು 80ರ ದಶಕದ ಎಲೆಕ್ಟ್ರಾನಿಕ್ ಸಂಗೀತಗಾರರನ್ನು ಕೇಳಬೇಕು. ಜರ್ಮನಿಯ ಕ್ರಾಫ್ಟ್‌ವೆರ್ಕ್ ಮತ್ತು ಟ್ಯಾಂಜರೀನ್ ಡ್ರೀಮ್, ಫ್ರಾನ್ಸಿನ ಜಾನ್ ಮಿಶೆಲ್ ಜಾರ್, ಇಟಲಿಯ ಜಾರ್ಜಿಯೊ ಮೊರೊಡರ್, ಗ್ರೀಸಿನ ವ್ಯಾಂಜೆಲಿಸ್. ಇವರಿಂದ ಕಲಿಯಬೇಕಾದ್ದು ಒಂದೇ ಮಾತು: ಎಂಟ್ರಿ ಮ್ಯೂಸಿಕ್ ಪೂರ್ತಿ ಹಾಡಾಗಬಾರದು. ಅದು ಅರ್ಧಕ್ಕೆ ನಿಂತ ವಾಕ್ಯದ ಹಾಗೆ ಇರಬೇಕು. ಉಳಿದರ್ಧವನ್ನು ವೇದಿಕೆಗೆ ಬರುವವರು ಮುಗಿಸಬೇಕು.

ಒಳ್ಳೆ ಉದಾಹರಣೆ: ‘ಸಿರಿಯಸ್’

1982ರಲ್ಲಿ ಬ್ರಿಟನ್ನಿನ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ‘ಐ ಇನ್ ದ ಸ್ಕೈ’ ಅನ್ನೋ ಆಲ್ಬಮ್ ತಂದಿತು. ಅದರ ಮೊದಲ ಟ್ರ್ಯಾಕ್ ‘ಸಿರಿಯಸ್’. ಹಾಡುಗಾರಿಕೆ ಇಲ್ಲ, ಎರಡು ನಿಮಿಷವೂ ಇಲ್ಲ. ಒಂದು ಚಿಕ್ಕ ಸ್ವರಗುಚ್ಛ ಸುಮ್ಮನೆ ಸುತ್ತುತ್ತಾ ಇರುತ್ತದೆ, ಅದರ ಸುತ್ತ ಒಂದೊಂದೇ ವಾದ್ಯ ಸೇರುತ್ತಾ ಹೋಗುತ್ತದೆ. ಆಮೇಲೆ? ಮುಗಿಯುವುದೇ ಇಲ್ಲ, ನೇರವಾಗಿ ಮುಂದಿನ ಹಾಡಿಗೆ ಹೊಕ್ಕುಬಿಡುತ್ತದೆ. ಅಂದ್ರೆ ಅದನ್ನು ಮಾಡಿದ್ದೇ ಇನ್ನೊಂದು ಹಾಡಿಗೆ ಬಾಗಿಲಾಗಿ. ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಇದನ್ನು ತನ್ನ ಆಟಗಾರರನ್ನು ಪರಿಚಯಿಸಲು ಬಳಸಿತು. ಕ್ರೀಡಾಂಗಣದ ದೀಪ ಆರಿಸಿ ಇದನ್ನು ಹಾಕಿದರೆ ಮುಂದಿನ ಹಾಡಿನ ಜಾಗದಲ್ಲಿ ಮೈಕಲ್ ಜೋರ್ಡನ್ ಬರುತ್ತಿದ್ದ!

ವ್ಯಾಂಜೆಲಿಸ್ ಕಥೆಯೂ ಹಾಗೇ. 1992ರ ಸಿನಿಮಾಕ್ಕೆ ಅವರು ಮಾಡಿದ ‘ಕಾಂಕ್ವೆಸ್ಟ್ ಆಫ್ ಪ್ಯಾರಡೈಸ್’ ಜರ್ಮನಿಯಲ್ಲಿ ಮನೆಮಾತಾಗಿದ್ದು ಬಾಕ್ಸರ್ ಹೆನ್ರಿ ಮಾಸ್ಕೆ ಅದನ್ನು ತನ್ನ ಎಂಟ್ರಿ ಸಂಗೀತವಾಗಿ ಬಳಸಿದ ಮೇಲೆ. ಒಂದೇ ಭಾರವಾದ ಲಯ ಮತ್ತೆ ಮತ್ತೆ. ಅವಸರವೇ ಇಲ್ಲ.

ಯಂತ್ರಗಳೇ ಕಲಿಸಿದ ಸಂಯಮ

ಈ ಶೈಲಿ ಹುಟ್ಟಿದ್ದಕ್ಕೆ ಯಂತ್ರಗಳ ಮಿತಿಯೂ ಕಾರಣ. ಆಗಿನ ಸೀಕ್ವೆನ್ಸರ್‌ಗೆ ಕೊಡಬಹುದಾಗಿದ್ದು ಕೆಲವೇ ಸ್ವರ. ಕೊಟ್ಟಿದ್ದನ್ನು ಅದು ಆಯಾಸವಿಲ್ಲದೆ ತಿರುಗಾ ಮುರುಗಾ ನುಡಿಸುತ್ತಿತ್ತು. ಸ್ವರ ಬದಲಾಯಿಸುವುದು ಕಷ್ಟ, ಆದರೆ ಗುಬ್ಬಿ ತಿರುಗಿಸಿ ನಾದದ ಬಣ್ಣ ಬದಲಾಯಿಸುವುದು ಸುಲಭ. ಹಾಗಾಗಿ ಕಥೆಯೆಲ್ಲ ಬಣ್ಣದಲ್ಲೇ ನಡೆಯಿತು.

1977ರಲ್ಲಿ ಮೊರೊಡರ್ ಮ್ಯೂನಿಕ್‌ನಲ್ಲಿ ಡೊನಾ ಸಮ್ಮರ್ ಅವರಿಂದ ಹಾಡಿಸಿದ ‘ಐ ಫೀಲ್ ಲವ್’ ಕೇಳಿ. ಬೇಸ್ ಲೈನ್ ಪೂರ್ತಿ ಮೂಗ್ ಸಿಂಥಸೈಜರಿನದು. ಪ್ರತಿ ಸ್ವರದ ಪ್ರತಿಧ್ವನಿಯನ್ನು ಡಿಲೇ ಮೂಲಕ ಇನ್ನೊಂದು ಕಿವಿಗೆ ಕೊಟ್ಟಿದ್ದಾರೆ. ಅದಕ್ಕೇ ಬೇಸ್ ಎರಡು ಪಟ್ಟು ವೇಗವಾಗಿ ಓಡಿದಂತೆ ಕೇಳಿಸುತ್ತದೆ. ತಮಾಷೆ ಏನಂದ್ರೆ, ಅದರಲ್ಲಿನ ಬೇಸ್ ಡ್ರಮ್ ಮಾತ್ರ ಮನುಷ್ಯ ನುಡಿಸಿದ್ದು. ಗಟ್ಟಿಯಾದ ಕಿಕ್ ಮೂಗ್‌ನಿಂದ ಬರಲಿಲ್ಲ ಅಂತ ಡ್ರಮ್ಮರ್ ಕೀತ್ ಫೋರ್ಸಿ ಅವರನ್ನು ಕೂರಿಸಿದರು.

ಮೊದಲು ಲೆಕ್ಕ

ಈಗ ನಮ್ಮದನ್ನು ಕಟ್ಟೋಣ. ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ಉಚಿತ ಮ್ಯೂಸಿಕ್ ಸಾಫ್ಟ್‌ವೇರ್ ಇದ್ದರೆ ಸಾಕು.

ವೇಗ ನಿಮಿಷಕ್ಕೆ 120 ಬೀಟ್ ಇಟ್ಟುಕೊಳ್ಳಿ. ಒಂದು ಬೀಟ್ ಅಂದ್ರೆ 500 ಮಿಲಿಸೆಕೆಂಡು. ನಾಲ್ಕು ಬೀಟಿನ ಒಂದು ಬಾರ್ 2 ಸೆಕೆಂಡು. 32 ಬಾರ್‌ಗೆ 64 ಸೆಕೆಂಡು. ಡಿಲೇಯನ್ನು ಮುಕ್ಕಾಲು ಬೀಟಿಗೆ, ಅಂದ್ರೆ 375 ಮಿಲಿಸೆಕೆಂಡಿಗೆ ಇಡಿ. ಪ್ರತಿಧ್ವನಿ ಬೀಟಿನ ಮೇಲೆ ಬೀಳದೆ ನಡುವಿನ ಸಂದಿಗಳಲ್ಲಿ ಬೀಳುತ್ತದೆ. ನಾಲ್ಕೇ ಸ್ವರ ನುಡಿಸಿದರೂ ಜಾಲರಿ ನೇಯ್ದ ಹಾಗೆ ಕೇಳುತ್ತದೆ.

ಶ್ರುತಿ ಹಿಡಿಯಿರಿ, ಗಾಂಧಾರ ಬಚ್ಚಿಡಿ

ಮೊದಲ 8 ಬಾರ್ ಬರೀ ಶ್ರುತಿ. ಗರಗಸದ ಹಲ್ಲಿನಂತಿರುವ ಸಾ-ಟೂತ್ ತರಂಗ ತೆಗೆದುಕೊಳ್ಳಿ, ಅದರಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ. ಒಂದು ಆಸಿಲೇಟರನ್ನು 110 ಹರ್ಟ್ಸ್‌ಗೆ, ಇನ್ನೊಂದನ್ನು 110.5ಕ್ಕೆ ಇಡಿ. ವ್ಯತ್ಯಾಸ ಅರ್ಧ ಹರ್ಟ್ಸ್, ಹಾಗಾಗಿ ನಾದ ಎರಡು ಸೆಕೆಂಡಿಗೊಮ್ಮೆ, ಅಂದ್ರೆ ಸರಿಯಾಗಿ ಬಾರಿಗೊಮ್ಮೆ ಉಬ್ಬಿ ತಗ್ಗುತ್ತದೆ. ಉಸಿರಾಡಿದ ಹಾಗೆ. ಹಳೆ ಸಿಂಥ್‌ಗಳಲ್ಲಿ ಇದು ತಾನಾಗಿಯೇ ಆಗುತ್ತಿತ್ತು, ಯಾಕಂದ್ರೆ ಯಂತ್ರ ಬಿಸಿಯಾದಂತೆ ಶ್ರುತಿ ಸರಿಯುತ್ತಿತ್ತು. ಟ್ಯಾಂಜರೀನ್ ಡ್ರೀಮ್‌ನ ‘ಫೀಡ್ರಾ’ (1974) ಕೇಳಿದರೆ ಆ ಜಾರುವಿಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

9ನೇ ಬಾರ್‌ನಿಂದ ಸೀಕ್ವೆನ್ಸರ್ ಶುರು. ಇಲ್ಲಿ ಬರೀ ಷಡ್ಜ, ಪಂಚಮ, ಮೇಲಿನ ಷಡ್ಜ ಬಳಸಿ. ಗಾಂಧಾರ ಮುಟ್ಟಬೇಡಿ. ಒಂದು ಸಂಗೀತ ಹರ್ಷದ್ದೋ ಗಂಭೀರದ್ದೋ ಅಂತ ಕಿವಿಗೆ ಹೇಳಿಕೊಡುವುದು ಮುಖ್ಯವಾಗಿ ಗಾಂಧಾರ. ಅದನ್ನು ತಡೆಹಿಡಿದರೆ ‘ಏನೋ ಆಗಲಿದೆ, ಆದರೆ ಏನು?’ ಅನ್ನೋ ಸ್ಥಿತಿ ಉಳಿಯುತ್ತದೆ. ಆ ಸ್ವರವನ್ನು ಟೀಮ್ ಬರುವ ಕ್ಷಣಕ್ಕೆ ಎತ್ತಿಡಿ.

ಫಿಲ್ಟರ್ ಅನ್ನೋ ತೆರೆ

ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತದಲ್ಲ, ಚೆಂಡೆ ಏರುತ್ತಾ ಹೋದಂತೆ? ಲೋ-ಪಾಸ್ ಫಿಲ್ಟರ್ ಮಾಡುವುದು ಅದನ್ನೇ. ಮೂಗ್‌ನ ಪ್ರಸಿದ್ಧ ಫಿಲ್ಟರ್, ಕಟ್-ಆಫ್ ದಾಟಿದ ಮೇಲೆ ಪ್ರತಿ ಆಕ್ಟೇವ್‌ಗೆ 24 ಡೆಸಿಬೆಲ್‌ನಷ್ಟು ನಾದವನ್ನು ತಗ್ಗಿಸುತ್ತದೆ. ಕಟ್-ಆಫ್ 200 ಹರ್ಟ್ಸ್ ಇದ್ದರೆ ನಮ್ಮ ಶ್ರುತಿಯ ಮೂಲ ಸ್ವರ ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗೆ ಬರುತ್ತದೆ, ಉಳಿದದ್ದೆಲ್ಲ ತೆರೆಯ ಹಿಂದೆ.

9ರಿಂದ 24ನೇ ಬಾರ್‌ವರೆಗೆ ಅದನ್ನು 200ರಿಂದ 3200 ಹರ್ಟ್ಸ್‌ಗೆ ಏರಿಸಿ. ಇಲ್ಲೊಂದು ಎಚ್ಚರ: ಗ್ರಾಫಿನಲ್ಲಿ ನೇರ ಗೆರೆ ಎಳೆಯಬೇಡಿ. ಹಾಗೆ ಎಳೆದರೆ ಬಾರಿಗೆ ಸುಮಾರು 187 ಹರ್ಟ್ಸ್ ಏರಿ, ಮೊದಲ ಬಾರಿನಲ್ಲೇ ಕಟ್-ಆಫ್ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ. ಆಮೇಲೆ ಏನೂ ಬದಲಾಗುತ್ತಿಲ್ಲ ಅನ್ನಿಸುತ್ತದೆ. ಕಿವಿ ಕೇಳುವುದು ಅನುಪಾತವನ್ನು. ಆದ್ದರಿಂದ ಪ್ರತಿ 4 ಬಾರ್‌ಗೆ ದುಪ್ಪಟ್ಟು ಮಾಡಿ: 200, 400, 800, 1600, 3200. ಹದಿನಾರು ಬಾರಿನಲ್ಲಿ ನಾಲ್ಕು ಆಕ್ಟೇವ್, ಸಮನಾಗಿ.

ಇದರೊಳಗೆ ಒಂದು ಸ್ವಾರಸ್ಯವಿದೆ. ತಂಬೂರಿಯಲ್ಲಿ ಯಾರೂ ಮೀಟದಿದ್ದರೂ ಅಂತರ ಗಾಂಧಾರ ಕೇಳಿಸುತ್ತದಲ್ಲ? ಅದು ಐದನೇ ಹಾರ್ಮೋನಿಕ್. ನಮ್ಮ ಶ್ರುತಿಯಲ್ಲೂ ಅದು 550 ಹರ್ಟ್ಸ್‌ನಲ್ಲಿ ಅಡಗಿ ಕೂತಿದೆ. ಫಿಲ್ಟರ್ 400ರಿಂದ 800ಕ್ಕೆ ಏರುವಾಗ, ಅಂದ್ರೆ 13ರಿಂದ 16ನೇ ಬಾರಿನೊಳಗೆ, ಅದು ಮೆಲ್ಲಗೆ ಇಣುಕುತ್ತದೆ. ಕೊನೆಗೆ ಎಂಟ್ರಿಯಲ್ಲಿ ನೀವು ಅಂತರ ಗಾಂಧಾರವನ್ನು ಗಟ್ಟಿಯಾಗಿ ನುಡಿಸಿದಾಗ ಕೇಳುವವರಿಗೆ ಅದು ಹೊಸತೂ ಹೌದು, ಎಲ್ಲೋ ಕೇಳಿದ್ದೂ ಹೌದು.

17ನೇ ಬಾರಿಗೆ ಕಿಕ್ ಬರಲಿ. 25ರಿಂದ 30ರವರೆಗೆ ಎಲ್ಲವೂ ಒಟ್ಟಿಗೆ. 31ರಲ್ಲಿ ಕಿಕ್ ತೆಗೆಯಿರಿ. 32ರಲ್ಲಿ ಎಲ್ಲವನ್ನೂ ನಿಲ್ಲಿಸಿ, ಡಿಲೇಯ ಬಾಲ ಮಾತ್ರ ಕರಗುತ್ತಿರಲಿ. ಎರಡು ಸೆಕೆಂಡಿನ ಆ ಖಾಲಿ ಜಾಗ ಇಡೀ ಟ್ರ್ಯಾಕಿನಲ್ಲೇ ಬಹಳ ಮುಖ್ಯ. 33ನೇ ಬಾರಿನ ಮೊದಲ ಬೀಟಿಗೆ ಬೇಸ್, ಗಾಂಧಾರ, ಬೆಳಕು, ಮನುಷ್ಯ: ನಾಲ್ಕೂ ಒಟ್ಟಿಗೆ.

ಯಂತ್ರದ ದನಿ

ಟೀಮಿನ ಹೆಸರು ಹೇಳಿಸಬೇಕೇ? ಕ್ರಾಫ್ಟ್‌ವೆರ್ಕ್ ತಮ್ಮ ಸಂಗೀತ ಕಛೇರಿಗಳನ್ನು ಯಂತ್ರದ ದನಿಯ ಪ್ರಕಟಣೆಯಿಂದ ಶುರು ಮಾಡುತ್ತಿದ್ದರು. 2005ರ ಲೈವ್ ಆಲ್ಬಮ್ ‘ಮಿನಿಮಮ್-ಮ್ಯಾಕ್ಸಿಮಮ್’ನಲ್ಲಿ ಅದನ್ನು ಕೇಳಬಹುದು. ಅಂಥ ದನಿಗೆ ಬಳಸುವ ವೊಕೋಡರ್ 1930ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಕೆಲಸದಿಂದ ಬಂದದ್ದು. ಆಗ ಅವರಿಗೆ ಬೇಕಿದ್ದದ್ದು ಮಾತನ್ನು ಕಡಿಮೆ ಬ್ಯಾಂಡ್‌ವಿಡ್ತ್‌ನಲ್ಲಿ ಕಳಿಸುವ ದಾರಿ. ಇದರಲ್ಲಿ ಉಚ್ಚಾರಣೆ ನಿಮ್ಮ ದನಿಯಿಂದ, ಸ್ವರ ಸಿಂಥ್‌ನಿಂದ ಬರುತ್ತದೆ. ಸ, ಶ, ಷ ಇರುವ ಹೆಸರಾದರೆ ಸಿಂಥ್ ಜೊತೆ ಸ್ವಲ್ಪ ನಾಯ್ಸ್ ಬೆರೆಸಿ. ಇಲ್ಲದಿದ್ದರೆ ಆ ಅಕ್ಷರಗಳೇ ನುಂಗಿಹೋಗುತ್ತವೆ.

ವೇದಿಕೆಯ ವಾಸ್ತವ

ಇಷ್ಟೆಲ್ಲ ಮಾಡಿ ಒಂದೇ ಫೈಲ್ ಕೊಟ್ಟರೆ ಕೆಲಸ ಕೆಟ್ಟಂತೆ. ಯಾರದ್ದೋ ಶೂ ಲೇಸ್ ಬಿಚ್ಚಿರುತ್ತದೆ, ನಿರೂಪಕರ ಮಾತು ಮುಗಿದಿರುವುದಿಲ್ಲ. 64 ಸೆಕೆಂಡಿಗೆ ಸರಿಯಾಗಿ ಯಾರೂ ಬರಲ್ಲ. ಅದಕ್ಕೆ ಮೂರು ಫೈಲ್ ಮಾಡಿ. ಮೊದಲನೆಯದು ‘ಕಾಯಿರಿ’: ಶ್ರುತಿಯ 8 ಬಾರ್, ಎಷ್ಟು ಸಲ ಸುತ್ತಿದರೂ ಜೋಡಣೆ ಗೊತ್ತಾಗದ ಹಾಗೆ. ಎರಡನೆಯದು ‘ಏರು’: 9ರಿಂದ 32. ಮೂರನೆಯದು ‘ಬಂದರು’. ಸೈಡ್ ವಿಂಗ್‌ನಲ್ಲಿ ನಿಂತವರು ಕೈ ಎತ್ತಿದ ಮೇಲೆಯೇ ಎರಡನೆಯದಕ್ಕೆ ಹೋಗಬೇಕು. ಅಲ್ಲಿಂದ 48 ಸೆಕೆಂಡು ಟೀಮಿಗೂ ಗೊತ್ತು, ಲೈಟಿನವರಿಗೂ ಗೊತ್ತು.

ಇನ್ನು ಸ್ಪೀಕರ್. ಸಭಾಂಗಣದ ಚಿಕ್ಕ ಸ್ಪೀಕರ್‌ಗಳಲ್ಲಿ 55 ಹರ್ಟ್ಸ್ ಬೇಸ್ ಬಹುತೇಕ ಕೇಳಿಸುವುದಿಲ್ಲ. ಅದೇ ಸ್ವರವನ್ನು ಒಂದು ಆಕ್ಟೇವ್ ಮೇಲೆಯೂ ಸೇರಿಸಿ. ಮೇಲಿನ ಹಾರ್ಮೋನಿಕ್‌ಗಳು ಕೇಳಿದರೆ ಕಾಣೆಯಾದ ಮೂಲ ಸ್ವರವನ್ನು ಮೆದುಳೇ ಊಹಿಸಿಕೊಳ್ಳುತ್ತದೆ. ಎಡ-ಬಲ ಡಿಲೇಯ ಸೊಗಸು ಮೋನೊ ಸಿಸ್ಟಮ್‌ನಲ್ಲಿ ಸಿಗಲ್ಲ, ಆದ್ದರಿಂದ ಮುಗಿಸುವ ಮುಂಚೆ ಒಮ್ಮೆ ಮೋನೊದಲ್ಲಿ ಕೇಳಿ ನೋಡಿ.

ಟ್ರ್ಯಾಕ್ ಆದ ಮೇಲೆ ಅದನ್ನು ಗೆಳೆಯರಿಗೆ ಹಾಕಿ ತೋರಿಸಿ. ‘ಚೆನ್ನಾಗಿದೆ’ ಅಂದರೆ ಇನ್ನೂ ಕೆಲಸ ಬಾಕಿ ಇದೆ ಅಂತಲೇ ತಿಳಿಯಿರಿ. 32ನೇ ಬಾರಿನ ಮೌನದಲ್ಲಿ ಅವರು ಬಾಗಿಲ ಕಡೆ ತಿರುಗಿ ನೋಡಿದರೆ, ಆಗ ಅದು ಎಂಟ್ರಿ ಮ್ಯೂಸಿಕ್.